ಒಂದು ಮಟ್ಟು ಊರೂರು ಸುತ್ತಿದ ಕಥೆ

ನಮ್ಮ ದಾಬಸ್‌ಪೇಟೆಯ ಹೆಸರನ್ನು ಕೇಳಿದ ಹೊಸಬರು ಕೆಲವೊಮ್ಮೆ ‘ದಾಬಸ್’ ಎಂದರೇನು ಎಂದು ಪ್ರಶ್ನಿಸುವುದುಂಟು. ಅದು ದೇವರ ಹೆಸರಲ್ಲ, ಮರದ ಹೆಸರಲ್ಲ, ಯಾವ ಪಾಳೆಯಗಾರನ ಹೆಸರೂ ಅಲ್ಲ. ಸರ್ ಮಾರ್ಕ್ ಕಬ್ಬನ್ ಮೈಸೂರು ಸಂಸ್ಥಾನದ ಕಮೀಷನರಾಗಿದ್ದ ಕಾಲದಲ್ಲಿ (1834–1861) ತುಮಕೂರು ಸೀಮೆಯನ್ನೂ ಒಳಗೊಂಡಿದ್ದ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಅದು. ಡಾಬ್ಸ್ ಪೇಟೆ ಜನರ ಬಾಯಲ್ಲಿ ಸವೆದು ದಾಬಸ್‌ಪೇಟೆಯಾಯಿತು. ಈತ ತನ್ನ ಮುಪ್ಪಿನಲ್ಲಿ ಬರೆದ ಮೈಸೂರಿನ ನೆನಪುಗಳ ಪುಸ್ತಕವು 1882ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಐರ್ಲೆಂಡಿನ ಡಬ್ಲಿನ್ನಿನಲ್ಲಿ. ಡಾಬ್ಸ್ ಎಂಬ ಮನೆತನದ ಹೆಸರು ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ ಪ್ರಸಿದ್ಧವಾದದ್ದು. ಓದುಗರು ಈ ಆಂಟ್ರಿಮ್ ಎಂಬ ಹೆಸರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಊರಿನ ಹೆಸರಿನಂತೆಯೇ ಹಾಡಿನ ಮಟ್ಟುಗಳೂ ಬಾಯಿಂದ ಬಾಯಿಗೆ ಹೋಗುತ್ತಾ ಸವೆಯುತ್ತವೆ, ಬೆಳೆಯುತ್ತವೆ, ತಮ್ಮ ಮೂಲದ ಹೆಸರನ್ನು ಮರೆಯುತ್ತವೆ. ಅಂತಹ ಒಂದು ಮಟ್ಟಿನ ವಿಚಾರವನ್ನು ಇಂದು ಬರೆಯಹೊರಟಿದ್ದೇನೆ. ಇದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯದಿರಲು ಒಂದು ಕಾರಣವೂ ಇತ್ತು. ಅದನ್ನು ಮೊದಲು ಹೇಳಿಬಿಡುವುದೇ ಮೇಲು.

ಅದು 1987ನೆಯ ಇಸವಿ. ನಾನಾಗ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದೆ. ಶಾಲಾ ವಾರ್ಷಿಕೋತ್ಸವದ ಕಾರ್ಯಕ್ರಮ ನಿರೂಪಣೆಯ ಹೊಣೆ ನನ್ನದಾಗಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿ, ತಂದೆಯ ವರ್ಗಾವಣೆಯಿಂದಾಗಿ ಮೈಸೂರಿನಿಂದ ಬಂದವಳು, ಪಿಟೀಲನ್ನು ಕಲಿಯುತ್ತಿದ್ದಳು. ಮುತ್ತುಸ್ವಾಮಿ ದೀಕ್ಷಿತರ ‘ಜಗದೀಶ ಗುರುಗುಹ’ ಎಂಬ ರಚನೆಯನ್ನು ನುಡಿಸುವುದಾಗಿ ಹೆಸರು ಕೊಟ್ಟಿದ್ದಳು. ನಿರೂಪಣೆಗಾಗಿ ಅವಳೇ ಒಂದು ಚೀಟಿಯನ್ನು ಬರೆದು ತಂದಿದ್ದಳು. ಇದು ಪರದೇಶದವರ ಕುಣಿತದ ಮಟ್ಟು, ಯಾವನೋ ಒಬ್ಬ ಲಾರ್ಡಿನ ಹೆಸರಿನದು ಎಂದು ಅದರಲ್ಲಿತ್ತು. ನಾನು ಓದಿ ನಕ್ಕುಬಿಟ್ಟೆ. ‘ದೀಕ್ಷಿತರಂತಹ ಶ್ರೀವಿದ್ಯೋಪಾಸಕರು ಪರಂಗಿಯವರ ಕುಣಿತಕ್ಕೆ ಸಂಸ್ಕೃತ ಹೊಸೆಯುತ್ತಾರೆಯೇ? ಯಾರು ಹೇಳಿದರು ನಿನಗೆ?’ ಎಂದು ಉಳಿದ ಮಕ್ಕಳ ಮುಂದೆಯೇ ಕೇಳಿದೆ. ‘ನಮ್ಮ ಪಿಟೀಲು ಮೇಷ್ಟ್ರು’ ಎಂದಳು. ನಾನು ಕೆಂಪು ಶಾಯಿಯಿಂದ ಆ ಸಾಲನ್ನು ಹೊಡೆದುಹಾಕಿದೆ. ಅವಳು ಮರುಮಾತಾಡದೆ ನುಡಿಸಿ ಹೋದಳು. ಮರುವರ್ಷ ಅವರ ತಂದೆಗೆ ಮತ್ತೆ ವರ್ಗವಾಯಿತು.

ನಾನು ಸಂಗೀತಗಾರನಲ್ಲ, ಕೇಳುವ ಹವ್ಯಾಸ ಮಾತ್ರ ಉಂಟು. ಚರಿತ್ರೆಯನ್ನು ಪಾಠ ಹೇಳಿದವನು ಎಂಬ ಒಂದೇ ಅರ್ಹತೆಯಿಂದ, ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ, ಆ ‘ಲಾರ್ಡ್’ ಯಾರೆಂದು ಹುಡುಕತೊಡಗಿದೆ.

ಕರ್ನಾಟಕ ಸಂಗೀತದಲ್ಲಿ ‘ನೋಟ್ಟುಸ್ವರ’ ಎಂಬ ಒಂದು ಪ್ರಕಾರವಿದೆ. ‘ನೋಟ್’ ಎಂಬ ಇಂಗ್ಲಿಷ್ ಶಬ್ದವೇ ಇಲ್ಲಿ ನೋಟ್ಟು ಆಗಿದೆ. ಹೆಸರೇ ತನ್ನ ಜಾತಕವನ್ನು ಹೇಳುತ್ತಿರುವಾಗ ಚರಿತ್ರೆಯ ಮೇಷ್ಟ್ರೊಬ್ಬನಿಗೆ ಅದು ಕೇಳಿಸಲಿಲ್ಲವೆಂಬುದು ಸೋಜಿಗ. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂತಹ ಸುಮಾರು ನಲವತ್ತು ಸಣ್ಣ ರಚನೆಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದ್ದಾರೆ. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿವೆ. ಪಾಶ್ಚಾತ್ಯರ ‘ಮೇಜರ್’ ಸ್ವರಶ್ರೇಣಿಯೂ ನಮ್ಮ ಶಂಕರಾಭರಣದ ಸ್ವರಗಳೂ ಒಂದೇ ಆದ್ದರಿಂದ ಇದು ಸಹಜ. ಆದರೆ ನಾವು ಕೇಳಿ ಬಲ್ಲ ಶಂಕರಾಭರಣದ ಗಮಕಗಳು ಅಲ್ಲಿಲ್ಲ. ಸ್ವರಗಳು ತೂಗದೆ, ಓಲಾಡದೆ, ಮೆಟ್ಟಿಲುಗಳಂತೆ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ತಾಳವು ಸಾಮಾನ್ಯವಾಗಿ ತಿಶ್ರ ಏಕ ಅಥವಾ ಚತುರಶ್ರ ಏಕ. ಇಂದಿಗೂ ಎಳೆಯ ಮಕ್ಕಳಿಗೆ ಇವನ್ನು ಕಲಿಸುವುದು ಈ ಸರಳತೆಯಿಂದಲೇ.

ದೀಕ್ಷಿತರಿಗೆ ಈ ಮಟ್ಟುಗಳು ಎಲ್ಲಿ ದೊರೆತವು? ಅವರ ತಂದೆ ರಾಮಸ್ವಾಮಿ ದೀಕ್ಷಿತರ ಕುಟುಂಬವು ಮದರಾಸಿನ ಸಮೀಪದ ಮಣಲಿಯಲ್ಲಿ ಕೆಲವು ವರ್ಷಗಳ ಕಾಲ ನೆಲೆಸಿತ್ತು. ಅಲ್ಲಿನ ಆಶ್ರಯದಾತರಾದ ವೆಂಕಟಕೃಷ್ಣ ಮೊದಲಿಯಾರರು ಈಸ್ಟ್ ಇಂಡಿಯಾ ಕಂಪನಿಯ ದುಭಾಷಿಗಳಾಗಿದ್ದರು. ಆ ಸಂಪರ್ಕದಿಂದ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನ ವಾದನವು ಸಹೋದರರ ಕಿವಿಗೆ ಬಿದ್ದಿತು. ಕಿರಿಯ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಅಲ್ಲಿಯ ಐರೋಪ್ಯ ವಾದಕರಿಂದ ಪಿಟೀಲನ್ನೇ ಕಲಿತರು. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ಒಗ್ಗಿಸಿದವರಲ್ಲಿ ಅವರಿಗೆ ಅಗ್ರಸ್ಥಾನವನ್ನು ಕೊಡುವುದು ರೂಢಿ. ನಮ್ಮ ಮೈಸೂರಿನ ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲಿನಿಂದ ಕಚೇರಿಯನ್ನು ತುಂಬಿಸಿದ್ದು, ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದು, ಇವೆಲ್ಲಕ್ಕೂ ಬೀಜ ಬಿದ್ದದ್ದು ಆ ಕೋಟೆಯ ಬಳಿಯಲ್ಲಿ. ಅಲ್ಲಿಯವರು ನಿಂತು ಭುಜಕ್ಕೆ ಆನಿಸಿ ನುಡಿಸುತ್ತಿದ್ದ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಪಾದದ ಮೇಲಿರಿಸಿ, ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿಕೊಂಡರು. ಮರ ಅದೇ, ಕಮಾನು ಅದೇ. ಕೈ ಮಾತ್ರ ಬೇರೆ.

ನೋಟ್ಟುಸ್ವರಗಳ ಮೂಲ ಮಟ್ಟುಗಳಲ್ಲಿ ಹಲವನ್ನು ವಿದ್ವಾಂಸರು ಗುರುತಿಸಿದ್ದಾರೆ. ತೆಲುಗು ನಿಘಂಟುಕಾರ ಸಿ. ಪಿ. ಬ್ರೌನ್ ಅವರ ಹೆಸರಿನೊಡನೆ ಉಳಿದುಬಂದಿರುವ ಹಸ್ತಪ್ರತಿಯೊಂದು ಇದಕ್ಕೆ ದಾರಿದೀಪವಾಯಿತು. ಇತ್ತೀಚೆಗೆ ಅಮೆರಿಕದಲ್ಲಿ ನೆಲೆಸಿರುವ ಸಂಗೀತಜ್ಞ ಕಣ್ಣಿಕೇಶ್ವರನ್ ಅವರು ಈ ಜಾಡಿನಲ್ಲಿ ಬಹಳ ಕೆಲಸ ಮಾಡಿದ್ದಾರೆ. ‘ಸಂತತಂ ಪಾಹಿಮಾಂ’ ಎಂಬ ದೇವೀಸ್ತುತಿಯ ಮಟ್ಟು ಬ್ರಿಟಿಷರ ರಾಷ್ಟ್ರಗೀತೆಯದು. ದೊರೆಯನ್ನು ದೇವರು ಕಾಪಾಡಲಿ ಎಂಬ ಪ್ರಾರ್ಥನೆಯ ಮಟ್ಟನ್ನೆತ್ತಿಕೊಂಡು ‘ನನ್ನನ್ನು ಕಾಪಾಡು ತಾಯೇ’ ಎಂದು ಹಾಡಿದ ದೀಕ್ಷಿತರ ಮುಖದಲ್ಲಿ ಒಂದು ಮಂದಹಾಸವಿದ್ದಿರಬೇಕೆಂದು ನನ್ನ ಊಹೆ. ‘ವಂದೇ ಮೀನಾಕ್ಷಿ’ಯ ಮೂಲವು ಐರ್ಲೆಂಡಿನ ಊರೊಂದರ ಹೆಸರನ್ನೇ ಹೊತ್ತ ‘ಲಿಮರಿಕ್’. ‘ಶಕ್ತಿ ಸಹಿತ ಗಣಪತಿಂ’ ಎಂಬುದು ಒಂದು ಫ್ರೆಂಚ್ ನೃತ್ಯದ ಮಟ್ಟು. ಹುಡುಗಿ ನುಡಿಸಿದ ‘ಜಗದೀಶ ಗುರುಗುಹ’ದ ಎದುರಿಗೆ ಇದ್ದ ಹೆಸರು ‘ಲಾರ್ಡ್ ಮ್ಯಾಕ್‌ಡೊನಾಲ್ಡನ ರೀಲ್’. ಲಾರ್ಡ್ ಎಂಬ ಪದವನ್ನು ಓದಿದಾಗ ನನ್ನ ಕೆಂಪು ಶಾಯಿಯ ಗೆರೆ ಕಣ್ಣೆದುರಿಗೆ ಬಂದಿತು.

ರೀಲ್ ಎಂದರೆ ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡುಗಳಲ್ಲಿ ರೂಢಿಯಲ್ಲಿರುವ ಒಂದು ವೇಗದ ಕುಣಿತ. ಅದಕ್ಕೆ ನುಡಿಸುವ ಮಟ್ಟಿಗೂ ಅದೇ ಹೆಸರು. ಒಂದು ಆವರ್ತಕ್ಕೆ ಎಂಟು ಸಣ್ಣ ಸ್ವರಗಳು ಎಡೆಬಿಡದೆ ಓಡುತ್ತವೆ. ಸಾಮಾನ್ಯವಾಗಿ ಎರಡು ಭಾಗ, ಪ್ರತಿ ಭಾಗವನ್ನೂ ಮರಳಿಸಿ ನುಡಿಸಿ, ಕುಣಿಯುವವರು ದಣಿಯುವವರೆಗೆ ಇಡೀ ಮಟ್ಟನ್ನು ಸುತ್ತುತ್ತಲೇ ಇರುವುದು. ಈ ರೀಲಿನ ಹೆಸರಿನಲ್ಲಿರುವ ಲಾರ್ಡ್, ಸ್ಕಾಟ್‌ಲೆಂಡಿನ ಸ್ಕೈ ದ್ವೀಪದ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್. ಸ್ವತಃ ಪಿಟೀಲು ವಾದಕನಾಗಿದ್ದ ಆತನೇ ಇದರ ಕರ್ತೃವೆಂದು ಸ್ಕಾಟಿಷ್ ಸಂಪ್ರದಾಯವು ಹೇಳುತ್ತದೆ. 1773ರಲ್ಲಿ ಡಾಕ್ಟರ್ ಜಾನ್ಸನ್ ಮತ್ತು ಬಾಸ್ವೆಲ್ ಸ್ಕೈ ದ್ವೀಪಕ್ಕೆ ಹೋದಾಗ ಆತಿಥ್ಯ ನೀಡಿದವನು ಈತನೇ. ಆ ಆತಿಥ್ಯದಲ್ಲಿ ಜಿಪುಣತನವಿತ್ತೆಂದು ಬಾಸ್ವೆಲ್ ದೂರಿದ್ದಾನೆ. ಊಟದಲ್ಲಿ ಕೈ ಹಿಡಿದವನು ರಾಗದಲ್ಲಿ ಧಾರಾಳಿಯಾಗಿರಬಾರದೆಂದೇನಿಲ್ಲ.

ಈತನು ‘ಲಾರ್ಡ್’ ಆದದ್ದು 1776ರಲ್ಲಿ. ಆದ್ದರಿಂದ ಮಟ್ಟು ಇನ್ನೂ ಹಿಂದಿನದಿರಬಹುದಾದರೂ, ಈ ಹೆಸರು ಅದಕ್ಕೆ ಬಂದದ್ದು ಆಮೇಲೆಯೇ. ಹಳೆಯ ಶಾಸನದ ಕಾಲವನ್ನು ಅದರಲ್ಲಿರುವ ಬಿರುದುಗಳಿಂದ ನಿರ್ಣಯಿಸುವಂತೆ ಇಲ್ಲಿಯೂ ಬಿರುದೊಂದು ನಮಗೆ ಕಾಲವನ್ನು ಹೇಳುತ್ತದೆ. ದೀಕ್ಷಿತರು ಹುಟ್ಟಿದ ಮರುವರ್ಷ ಅದು. ಸ್ವಾರಸ್ಯವೇನೆಂದರೆ ಸ್ಕಾಟ್‌ಲೆಂಡಿನವನಾದ ಈತನಿಗೆ ದೊರೆತ ಪದವಿಯು ಐರ್ಲೆಂಡಿನ ಶ್ರೀಮಂತವರ್ಗಕ್ಕೆ ಸೇರಿದ್ದು. ಅದರ ಪೂರ್ಣ ನಾಮಧೇಯದಲ್ಲಿ ಬರುವ ಸೀಮೆಯು ಆಂಟ್ರಿಮ್! ನಮ್ಮೂರಿನ ಹೆಸರಿನ ಮೂಲವನ್ನು ಹುಡುಕಿದರೂ ಆಂಟ್ರಿಮ್, ಹುಡುಗಿಯ ಪಿಟೀಲಿನ ಮಟ್ಟನ್ನು ಹುಡುಕಿದರೂ ಆಂಟ್ರಿಮ್. ಇದು ಬರಿಯ ಕಾಕತಾಳೀಯವೆಂದು ನಾನು ಬಲ್ಲೆ. ಆದರೂ ಆ ರಾತ್ರಿ ನನಗೆ ನಿದ್ರೆ ತಡವಾಗಿ ಬಂದಿತು.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಕಾಟ್‌ಲೆಂಡಿನಲ್ಲಿ ನೀಲ್ ಗೌ ಮತ್ತು ಆತನ ಮಗ ನಥಾನಿಯೆಲ್ ಗೌ ಮುಂತಾದವರು ರೀಲುಗಳನ್ನು ಸ್ವರಲಿಪಿಯಲ್ಲಿ ಅಚ್ಚು ಹಾಕಿ ಮಾರುತ್ತಿದ್ದರು. ಅದೇ ಕಾಲಕ್ಕೆ ಸ್ಕಾಟ್‌ಲೆಂಡಿನ ಬೆಟ್ಟಗಾಡುಗಳಿಂದಲೂ ಐರ್ಲೆಂಡಿನಿಂದಲೂ ಸಾವಿರಾರು ಜನ ಸೈನಿಕರಾಗಿ ನಮ್ಮ ನಾಡಿಗೆ ಬಂದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್ ಸ್ಕಾಟ್‌ಲೆಂಡಿನವನು. ಆ ಸೈನ್ಯದಲ್ಲಿ 73 ಮತ್ತು 74ನೆಯ ಹೈಲ್ಯಾಂಡರ್ ಪಡೆಗಳಿದ್ದವು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶವು ಆರಂಭವಾಯಿತು. ಬಂದೂಕಿನೊಡನೆ ಕೊಳಲು, ತಮಟೆ, ಪಿಟೀಲುಗಳೂ ಬಂದವು. ಟಿಪ್ಪುವಿನ ಪತನವನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ನಾನು, ಆ ಸಿಪಾಯಿಗಳು ಸಂಜೆ ಏನನ್ನು ನುಡಿಸುತ್ತಿದ್ದರೆಂಬ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮದರಾಸಿಗೆ ಬಂದ ರೀಲು ದೀಕ್ಷಿತರ ಕೈಯಲ್ಲಿ ಸ್ತೋತ್ರವಾಯಿತು. ಅತ್ತ ಐರ್ಲೆಂಡಿಗೆ ಹೋದದ್ದು ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಇದು ‘ಲಾರ್ಡ್ ಮ್ಯಾಕ್‌ಡೊನಾಲ್ಡ್’ ಎಂದೇ ಪ್ರಚಲಿತವಾಗಿರುವುದಲ್ಲದೆ, ‘ಲೆದರ್ ಅವೇ ದಿ ವಾಟಲ್ ಓ’ ಎಂಬ ಮಟ್ಟೂ ಇದರ ಬಂಧುವೆಂದು ಎಣಿಸಲ್ಪಟ್ಟಿದೆ. ಅಲ್ಲಿನ ಆಡುಮಾತಿನಲ್ಲಿ ‘ಲೆದರ್’ ಎಂದರೆ ಬಾರಿಸು, ‘ವಾಟಲ್’ ಎಂದರೆ ಕೋಲು. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ದಕ್ಷಿಣ ಪ್ರಾಂತ್ಯಗಳ ಗುಡ್ಡಗಾಡಿಗೆ ಹೋದಾಗ ಲಾರ್ಡ್ ಪೂರ್ತಿ ಮಾಯವಾದ. ಮಟ್ಟಿನ ಹೆಸರು ‘ಲೆದರ್ ಬ್ರೀಚಸ್’ ಎಂದರೆ ತೊಗಲು ಚಡ್ಡಿ ಎಂದಾಯಿತು! ಮೊದಲಿನ ‘ಬಾರಿಸು’ ಎಂಬ ಕ್ರಿಯಾಪದದ ಶಬ್ದ ಮಾತ್ರ ಉಳಿದು, ಅರ್ಥ ಕಳಚಿ, ತೊಗಲಾಯಿತೆಂದು ನನಗೆ ತೋರುತ್ತದೆ. ಡಾಬ್ಸ್ ದಾಬಸ್ ಆದದ್ದನ್ನು ಬಲ್ಲ ನಮ್ಮೂರಿನವರಿಗೆ ಇದನ್ನು ಒಪ್ಪಲು ಕಷ್ಟವಾಗಲಾರದು.

ಐರಿಷ್ ಪಾಠವನ್ನು ಕೇಳಬಯಸುವವರು ಮೈಕೆಲ್ ಕೋಲ್ಮನ್ (1891–1945) ನುಡಿಸಿದ್ದನ್ನು ಕೇಳಬೇಕು. ಐರ್ಲೆಂಡಿನ ಸ್ಲೈಗೊ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, 1914ರಲ್ಲಿ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋಗಿ, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ 78 ವೇಗದ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದವನು ಆತ. ಆ ತಟ್ಟೆಗಳು ಮರಳಿ ಐರ್ಲೆಂಡಿಗೆ ಬಂದು ಅಲ್ಲಿನ ಹಳ್ಳಿಯ ವಾದಕರು ತಮ್ಮದೇ ಮಟ್ಟನ್ನು ಅಮೆರಿಕದ ತಟ್ಟೆಯಿಂದ ಹೊಸದಾಗಿ ಕಲಿತರು. ಆತನ ‘ಲಾರ್ಡ್ ಮ್ಯಾಕ್‌ಡೊನಾಲ್ಡ್’ ಈಗ ಅಂತರಜಾಲದಲ್ಲಿ ಸುಲಭವಾಗಿ ದೊರೆಯುತ್ತದೆ. ಮೂಲದ ಎರಡು ಭಾಗಗಳು ಅಲ್ಲಿ ಬೆಳೆದು ಹೆಚ್ಚಾಗಿವೆ. ಸ್ವರಗಳ ನಡುವೆ ಮಿಂಚಿನಂತಹ ಸಣ್ಣ ಹೊರಳುಗಳು ಬಂದು ಸೇರಿವೆ. ನಮ್ಮ ಗಮಕವಲ್ಲ ಅದು. ಆದರೆ ಗಮಕದ ದೂರದ ನೆಂಟನೆನ್ನಬಹುದು. ಮೊದಲ ಸಲ ಕೇಳಿದಾಗ ‘ಜಗದೀಶ ಗುರುಗುಹ’ಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲವೆಂದೇ ನನಗೆ ಅನಿಸಿತು. ಒಂದು ಭಕ್ತಿಯಿಂದ ನಡೆಯುತ್ತಿದೆ, ಇನ್ನೊಂದು ಕಾಲು ಕಿತ್ತು ಓಡುತ್ತಿದೆ. ಓಡುವ ಸ್ವರಗಳನ್ನು ಬಿಟ್ಟು ತಾಳದ ಪೆಟ್ಟಿಗೆ ಸರಿಯಾಗಿ ಬೀಳುವ ಸ್ವರಗಳನ್ನು ಮಾತ್ರ ಎಣಿಸಿ ನೋಡಬೇಕು. ಭಾಗವು ಎಲ್ಲಿ ಏರುತ್ತದೆ, ಎಲ್ಲಿ ಇಳಿದು ಆಧಾರ ಸ್ವರದಲ್ಲಿ ನಿಲ್ಲುತ್ತದೆ ಎಂದು ಗಮನಿಸಬೇಕು. ಮಟ್ಟುಗಳ ವಂಶಾವಳಿಯನ್ನು ಬರೆಯುವವರು ಅನುಸರಿಸುವ ಕ್ರಮ ಇದು. ನನ್ನಂತಹವನಿಗೆ ಇದಕ್ಕೆ ಹಲವು ದಿನಗಳು ಹಿಡಿದವು.

ನಮ್ಮ ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಕಂಪನಿಯಿಂದ ಹಿಡಿದು ವೃತ್ತಿ ರಂಗಭೂಮಿಯ ಹಾಡಿನ ಪುಸ್ತಕಗಳನ್ನು ನೋಡಿದವರು, ಹಾಡಿನ ನೆತ್ತಿಯ ಮೇಲೆ ‘ಇಂತಹ ಹಾಡಿನ ಮಟ್ಟು’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುವುದನ್ನು ಬಲ್ಲರು. ಮರಾಠಿ ರಂಗಗೀತೆಗಳಲ್ಲಿ ಕೆಲವು ಕನ್ನಡದ ಮಟ್ಟುಗಳಿಂದ ಬಂದವು. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಎಳವೆಯಲ್ಲಿ ಕೇಳಿದ ಹಾಡುಗಳು ಅವರ ‘ಶಾಕುಂತಲ’, ‘ಸೌಭದ್ರ’ಗಳಿಗೆ ಹೊಕ್ಕವು. ಅಲ್ಲಿಂದ ಅವೇ ಮಟ್ಟುಗಳು ಮರಾಠಿ ವೇಷದಲ್ಲಿ ಮರಳಿ ನಮ್ಮ ಕಂಪನಿಗಳಿಗೂ ಬಂದವು. ಕೋಲ್ಮನ್‌ನ ಗ್ರಾಮಫೋನ್ ತಟ್ಟೆಯ ಕಥೆಗೆ ಇದು ಎಷ್ಟು ಹತ್ತಿರವಾಗಿದೆ! ಬಿ.ಎಂ.ಶ್ರೀ.ಯವರು ಇದಕ್ಕೆ ವಿಲೋಮವಾದ ದಾರಿಯನ್ನು ಹಿಡಿದರು. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಸ್ಕಾಟ್‌ಲೆಂಡಿನ ಮುದುಕ ರಾಬಿನ್ ಗ್ರೇ ನಮ್ಮ ಮುದಿಯ ರಾಮೇಗೌಡನಾದ. ದೀಕ್ಷಿತರು ಮಟ್ಟನ್ನು ಉಳಿಸಿಕೊಂಡು ಮಾತನ್ನು ಬಿಟ್ಟರು. ಶ್ರೀಯವರು ಮಾತಿನ ಜೀವವನ್ನು ಹಿಡಿದು ಅದಕ್ಕೆ ಕನ್ನಡದ ಲಯವನ್ನು ಹುಡುಕಿದರು.

ಎರವಲನ್ನು ಇಬ್ಬರೂ ಬಚ್ಚಿಡಲಿಲ್ಲವೆಂಬುದು ಇಲ್ಲಿ ಮುಖ್ಯ. ಶ್ರೀಯವರು ಪುಸ್ತಕದ ಹೆಸರಿನಲ್ಲಿಯೇ ‘ಇಂಗ್ಲಿಷ್’ ಎಂದು ಬರೆದರು. ದೀಕ್ಷಿತರ ಈ ರಚನೆಯಲ್ಲಿ ಅವರ ಮುದ್ರೆಯಾದ ‘ಗುರುಗುಹ’ ಎಂಬುದು ಮೊದಲ ಉಸಿರಿನಲ್ಲೇ ಬರುತ್ತದೆ. ಮುದ್ರೆ ತಮ್ಮದು, ಪ್ರಕಾರದ ಹೆಸರು ‘ನೋಟ್ಟು’. ನಾಚಿಕೆಪಟ್ಟವರು ಮುದ್ರೆಯನ್ನೊತ್ತುವುದಿಲ್ಲ. ನಾಚಿಕೆ ಪಟ್ಟವನು ಅವರಿಗಿಂತ ನೂರೈವತ್ತು ವರ್ಷ ಈಚಿನ ಒಬ್ಬ ಬಿ.ಎಡ್. ಪದವೀಧರ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, ಮೈಸೂರಿನ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ನೂರೆಂಟು ಕೃತಿಗಳನ್ನು ರಚಿಸಿದವರು, ‘ಇಂಗ್ಲಿಷ್ ನೋಟ್’ ಒಂದನ್ನೂ ಮಾಡಿದರು. ಅವರ ಶಿಷ್ಯ ಮಧುರೆ ಮಣಿ ಅಯ್ಯರ್ ಕಚೇರಿಯ ಕೊನೆಯಲ್ಲಿ ಅದನ್ನು ಹಾಡಿದಾಗ ಸಭೆ ಕುಣಿಯುವಂತಾಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಇವರಾರಿಗೂ ಇಲ್ಲದ ಮಡಿ ನನಗೆ ಎಲ್ಲಿಂದ ಬಂದಿತ್ತೋ.

ನಮ್ಮ ಶಿವಗಂಗೆಯ ಬೆಟ್ಟದಲ್ಲಿ ಸಂಜೆ ಕುಳಿತರೆ ಕೆಳಗೆ ತುಮಕೂರಿನ ಹೆದ್ದಾರಿಯ ವಾಹನಗಳು ಕಾಣುತ್ತವೆ. ಹೊಯ್ಸಳರ ಶಾಂತಲೆ, ಗೀತ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳಿಂದ ಹೊಗಳಿಸಿಕೊಂಡವಳು, 1131ರಲ್ಲಿ ಪ್ರಾಣ ಬಿಟ್ಟದ್ದು ಈ ಬೆಟ್ಟದ ಕ್ಷೇತ್ರದಲ್ಲಿ. ಅವಳು ಕುಣಿದ ಮಟ್ಟು ಒಂದೂ ನಮಗೆ ಉಳಿದಿಲ್ಲ; ಬರೆದಿಟ್ಟವರಿಲ್ಲ. ಸ್ಕೈ ದ್ವೀಪದ ಜಿಪುಣ ಲಾರ್ಡಿನ ಮಟ್ಟು ಉಳಿಯಿತು. ಅಚ್ಚು ಹಾಕಿದವರಿದ್ದರು, ನುಡಿಸಿ ಒಯ್ದ ಸಿಪಾಯಿಗಳಿದ್ದರು, ಕೇಳಿ ಎತ್ತಿಕೊಂಡ ದೀಕ್ಷಿತರಿದ್ದರು, ಅದರ ಮೂಲವನ್ನು ಶಿಷ್ಯೆಗೆ ಮರೆಯದೆ ಹೇಳಿದ ಮೈಸೂರಿನ ಒಬ್ಬ ಪಿಟೀಲು ಮೇಷ್ಟ್ರು ಇದ್ದರು. ಆ ಸರಪಳಿಯಲ್ಲಿ ಒಂದು ಕೊಂಡಿಯನ್ನು ಕೆಂಪು ಶಾಯಿಯಿಂದ ಕತ್ತರಿಸಲು ಹೋದವನು ನಾನು.

ಆ ವಿದ್ಯಾರ್ಥಿನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾಳೋ, ಪಿಟೀಲನ್ನು ಮುಂದುವರಿಸಿದಳೋ ಬಿಟ್ಟಳೋ. ಅವಳ ಚೀಟಿಯ ಒಕ್ಕಣೆ ನನಗೆ ನೆನಪಿರುವ ಮಟ್ಟಿಗೆ ಹೀಗಿತ್ತು. ಮೂವತ್ತೇಳು ವರ್ಷಗಳಿಗೂ ಮಿಕ್ಕಿದ ಮೇಲೆ, ಯಾವ ತಿದ್ದುಪಡಿಯೂ ಇಲ್ಲದೆ, ಅದನ್ನು ಇಲ್ಲಿ ನಮೂದಿಸುತ್ತಿದ್ದೇನೆ:

‘ಈಗ ನಾನು ನುಡಿಸುವುದು ಜಗದೀಶ ಗುರುಗುಹ. ಇದು ಪರದೇಶದವರ ಕುಣಿತದ ಮಟ್ಟು, ಒಬ್ಬ ಲಾರ್ಡಿನ ಹೆಸರಿನದು. ಸಾಹಿತ್ಯ ಮುತ್ತುಸ್ವಾಮಿ ದೀಕ್ಷಿತರದು. ತಪ್ಪಿದ್ದರೆ ಕ್ಷಮಿಸಬೇಕು.’